ಹಾಯಿಯ ಹಿಂದಿನ ಸಾಲು

ಸೀದಿ ಗರೀಬ್ ಊರಿಗೆ ಸಿನಿಮಾ ಹಬ್ಬ ಹತ್ತಿರ ಬಂತು ಅನ್ನುವುದು ಮೊದಲು ಗೊತ್ತಾಗುತ್ತಿದ್ದುದು ಬೇಯಾಳ ಮಾಳಿಗೆಯಿಂದ. ಆಗಸ್ಟಿನ ಒಂದು ಬೆಳಿಗ್ಗೆ ಅವಳು ಮಾಳಿಗೆಯ ಕೋಣೆಯ ಬಾಗಿಲು ತೆಗೆದು, ವರ್ಷವಿಡೀ ಅಲ್ಲಿ ಮಡಿಸಿಟ್ಟಿದ್ದ ಹಾಯಿಬಟ್ಟೆಯನ್ನು ಮೆಟ್ಟಿಲ ಮೇಲೆ ದರದರ ಎಳೆದು ತರುತ್ತಿದ್ದಳು. ಆ ಸದ್ದು ಕಿವಿಗೆ ಬಿದ್ದ ಕೂಡಲೇ ಪಕ್ಕದ ಮನೆಯ ದೂಜಾ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದಳು, ಅವಳ ಹಿಂದೆ ಓಣಿಯ ಉಳಿದ ಹೆಂಗಸರು. ಎಲ್ಲರೂ ಸೇರಿ ಬಟ್ಟೆಯನ್ನು ಕತ್ತೆಗಾಡಿಗೆ ಹೇರಿ ದಂಡೆಗೆ ಒಯ್ದು, ಸಮುದ್ರದ ನೀರಿನಲ್ಲಿ ತುಳಿದು ತೊಳೆದು, ಬಾವಿಯ ಸಿಹಿನೀರಿನಲ್ಲಿ ಜಾಲಿಸಿ, ಬಂಡೆಗಳ ಮೇಲೆ ಹರವುತ್ತಿದ್ದರು. ಸಂಜೆಯೊಳಗೆ ಅದು ಹಪ್ಪಳದ ಹಾಗೆ ಒಣಗುತ್ತಿತ್ತು.

ಆ ಹಾಯಿ ಬೇಯಾಳ ಗಂಡ ಲಜ್ಹರನ ದೋಣಿಯದು. ಅವನು ದೋಣಿಗೆ ಮೋಟಾರು ಹಾಕಿಸಿದ ವರ್ಷವೇ ಊರಿನ ಒಂದಿಷ್ಟು ಓದಿದ ಹುಡುಗರು ಅಂಚೆ ಕಚೇರಿಯಲ್ಲಿದ್ದ ಮುನ್ಸೆಫ್ ಎಂಬವನನ್ನು ಮುಂದಿಟ್ಟುಕೊಂಡು ಸಿನಿಮಾ ಸಂಘ ಕಟ್ಟಿದ್ದರು. ಚಿತ್ರ ತೋರಿಸುವ ಯಂತ್ರ ಸಿಕ್ಕಿತ್ತು, ಪರದೆ ಇರಲಿಲ್ಲ. ಮನೆಮನೆಯ ಚಾದರಗಳನ್ನು ಅಳೆದು ನೋಡಿದರು, ಒಂದೂ ಸಾಲಲಿಲ್ಲ. "ಮೂಲೆಯಲ್ಲಿ ಇಲಿ ಕಡಿಯೋದಕ್ಕಿಂತ ನೀವೇ ಇಟ್ಕೊಳ್ಳಿ" ಎಂದು ಲಜ್ಹರ್ ಹಾಯಿ ಕೊಟ್ಟ. ಮೂರು ಮೂಲೆಯ ಹಾಯಿಯನ್ನು ಕತ್ತರಿಸಿ, ತಿರುವಿ ಜೋಡಿಸಿ ಚೌಕ ಮಾಡಿದವಳು ಬೇಯಾ. ಆಗಿನ್ನೂ ಹೊಸ ಮದುವಣಗಿತ್ತಿ. ಅವಳು ಹಾಕಿದ ಹೊಲಿಗೆ ಬಟ್ಟೆಯ ನಡುವೆ ಓರೆಯಾಗಿ ಹಾದುಹೋಗಿತ್ತು. ಅಲ್ಲಿಂದೀಚೆಗೆ ಸೀದಿ ಗರೀಬಿನಲ್ಲಿ ಮುಖ ತೋರಿಸಿದ ಎಲ್ಲ ದೇಶದ ಸಿನಿಮಾ ನಾಯಕರ ಕೆನ್ನೆಯ ಮೇಲೂ ಆ ಗಾಯದ ಗುರುತು ಇದ್ದೇ ಇತ್ತು.

ಹಾಯಿಯನ್ನು ಕಟ್ಟುತ್ತಿದ್ದುದು ಹಳೆಯ ಮೀನು ಹರಾಜಿನ ಅಂಗಳದ ನಡುವೆ, ಎರಡು ಕಂಬಗಳಿಗೆ. ಅಂಗಳಕ್ಕೆ ಎರಡು ಬಾಗಿಲು. ಬೀದಿಯ ಬಾಗಿಲಿನಿಂದ ಗಂಡಸರೂ ಅತಿಥಿಗಳೂ ಬರುತ್ತಿದ್ದರು. ಯಂತ್ರವೂ ಆ ಕಡೆಯೇ ಇತ್ತು. ಸಮುದ್ರದ ಬಾಗಿಲಿನಿಂದ ಹೆಂಗಸರು ಬಂದು ಹಾಯಿಯ ಹಿಂದುಗಡೆ ಕೂರುತ್ತಿದ್ದರು. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ಬೆಳಕು ಬಟ್ಟೆಯನ್ನು ತೂರಿ ಬರುತ್ತಿತ್ತು. ಈ ಕಡೆಗೂ ಅದೇ ಚಿತ್ರ, ಎಡ ಇದ್ದದ್ದು ಬಲಕ್ಕೆ, ಬಲ ಇದ್ದದ್ದು ಎಡಕ್ಕೆ, ಅಷ್ಟೇ. ಹಿಂದೆ ಕೂತವರನ್ನು ಯಾರೂ ನೋಡುತ್ತಿರಲಿಲ್ಲ. ತಲೆಯ ವಸ್ತ್ರ ಸಡಿಲಿಸಬಹುದಿತ್ತು, ಚಪ್ಪಲಿ ಬಿಚ್ಚಿ ಕಾಲು ಚಾಚಬಹುದಿತ್ತು, ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಬಹುದಿತ್ತು, ಕೂಸಿಗೆ ಹಾಲು ಕುಡಿಸುತ್ತಲೇ ನಾಯಕನಿಗೆ ಗಟ್ಟಿಯಾಗಿ ಬುದ್ಧಿ ಹೇಳಬಹುದಿತ್ತು. ಕಾಲ ಕಳೆದಂತೆ ಊರಿನ ಹುಡುಗಿಯರು ಮುಂದೆ ಹೋಗಿ ಕೂರತೊಡಗಿದರು. ಅವರನ್ನೂ ಯಾರೂ ತಡೆಯಲಿಲ್ಲ. ವಯಸ್ಸಾದವರು, ಬಾಣಂತಿಯರು, ಬಾಯಿ ಬಿಗಿಹಿಡಿಯಲು ಆಗದವರು ಹಿಂದೆಯೇ ಉಳಿದರು.

ಬೇಯಾಳ ಅಕ್ಕ ಶಲ್ಬಿಯಾಗೆ ಸಿನಿಮಾದವರ ಮೇಲೆ ಇದ್ದದ್ದು ಒಂದೇ ಆಕ್ಷೇಪ. "ಎಲ್ಲಾ ಚೆನ್ನಾಗಿ ಮಾಡ್ತಾರೆ ಕಣೇ, ಊಟ ಮಾತ್ರ ಎಡಗೈಯಲ್ಲಿ. ಇವರಿಗೆ ಹೇಳೋ ತಾಯಿ ಯಾರೂ ಇಲ್ವಾ?" ಅನ್ನುತ್ತಿದ್ದಳು. ನಾವು ಹಿಂದಿನಿಂದ ನೋಡುವುದಕ್ಕೆ ಹಾಗೆ ಕಾಣುವುದು ಎಂದು ದೂಜಾ ಎಷ್ಟೋ ಸಲ ಬಿಡಿಸಿ ಹೇಳಿದ್ದಳು. ಶಲ್ಬಿಯಾ ಕೇಳಿಸಿಕೊಂಡಿದ್ದಳು, ನಂಬಿರಲಿಲ್ಲ.

ಈ ವರ್ಷ ಹಾಯಿ ಬಂಡೆಗಳ ಮೇಲೆ ಒಣಗುತ್ತಿದ್ದಾಗ, ಊರೆಲ್ಲ ಮರ್ಯಾದೆಯಿಂದ 'ಸೀ' ಸೇರಿಸಿ ಕರೆಯುವ ಮುನ್ಸೆಫ್ ದಂಡೆಗೆ ಇಳಿದು ಬಂದ. ಅಂಚೆ ಕಚೇರಿಯಿಂದ ನಿವೃತ್ತನಾಗಿ ಬಹಳ ಕಾಲವಾಗಿದ್ದರೂ ಸಿನಿಮಾ ಸಂಘಕ್ಕೆ ಅವನೇ ಯಜಮಾನ. ಕಿವಿಯ ಮೇಲೆ ಎಂದಿನ ಮಲ್ಲಿಗೆ ಗೊಂಚಲು. ಜೊತೆಯಲ್ಲಿ ಎಮ್ನಾ ಎನ್ನುವ ಹುಡುಗಿ. ರಾಜಧಾನಿಯಲ್ಲಿ ಸಿನಿಮಾ ವಿದ್ಯೆ ಕಲಿತವಳು. ಈ ಸಲದ ಹಬ್ಬದ ಉಸ್ತುವಾರಿಯನ್ನು ಸಂಘ ಅವಳಿಗೆ ಒಪ್ಪಿಸಿತ್ತು.

"ಖಾಲ್ತಿ ಬೇಯಾ, ನಿಮಗೆ ಸುಮ್ನೆ ಆಯಾಸ ಆಯ್ತು," ಅಂದಳು ಎಮ್ನಾ. ದೊಡ್ಡ ಹೆಂಗಸರನ್ನು ಚಿಕ್ಕಮ್ಮ ಎಂದು ಕರೆಯುವ ಮರ್ಯಾದೆ ಅವಳಿಗೆ ಗೊತ್ತಿತ್ತು. "ಈ ಸಲ ಇದು ಬೇಕಾಗಲ್ಲ. ಹೊಸ ಪರದೆ ಬರ್ತಾ ಇದೆ."

"ಹೊಸದಾ? ಎಂಥ ಬಟ್ಟೆ?"

"ಬಟ್ಟೆ ಅಲ್ಲ, ರಬ್ಬರಿನ ಥರ. ಮುಂದೆ ಬಿಳಿ, ಹಿಂದೆ ಕಪ್ಪು. ಒಂದು ಚೂರು ಬೆಳಕೂ ಆಚೆ ಹೋಗಲ್ಲ. ಚಿತ್ರ ಎಷ್ಟು ಸ್ಪಷ್ಟ ಕಾಣುತ್ತೆ ಗೊತ್ತಾ?"

"ಯಾರಿಗೆ ಕಾಣುತ್ತೆ?" ಎಂದು ಕೇಳಿದಳು ದೂಜಾ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ.

"ಎಲ್ರಿಗೂ! ಇನ್ಮೇಲೆ ಯಾರೂ ಹಿಂದೆ ಕೂರಬೇಕಾಗಿಲ್ಲ. ಮೊದಲ ಸಾಲು ನಿಮ್ಮದೇ. ಮೆತ್ತನೆ ಕುರ್ಚಿ ಹಾಕಿಸ್ತೀನಿ."

"ಮೊದಲ ಸಾಲಲ್ಲಿ ಬೀಜ ಉಗುಳಬಹುದಾ?"

ಹೆಂಗಸರು ನಕ್ಕರು. ಎಮ್ನಾಳೂ ನಕ್ಕಳು. ಸೀ ಮುನ್ಸೆಫ್ ಮಾತ್ರ ಸಮುದ್ರ ನೋಡುತ್ತ ನಿಂತಿದ್ದ. ಬೇಯಾ ನಗಲಿಲ್ಲ. ಬಗ್ಗಿ ಹಾಯಿಯ ಒಂದು ಮೂಲೆಯನ್ನು ಮಗುಚಿ ಹಾಕಿದಳು. ಆ ಕಡೆ ಇನ್ನೂ ಹಸಿಯಿತ್ತು.

ಅವಳ ಮನಸ್ಸು ಆಗಲೇ ಅಕ್ಕನ ಹತ್ತಿರ ಹೋಗಿತ್ತು.

ಶಲ್ಬಿಯಾಳನ್ನು ಕೊಟ್ಟದ್ದು ಒಳನಾಡಿನ ವಾದಿ ಜೀತ್‌ಗೆ, ಆಲಿವ್ ತೋಟದ ಹಾಜಿ ತಿಜಾನಿಗೆ. ಅವನು ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಮನೆಯಲ್ಲಿ ಯಾವುದಕ್ಕೂ ಕೊರತೆ ಮಾಡಿದವನಲ್ಲ. ಆದರೆ ಒಂದು ಮಾತು ಆಡಿದನೆಂದರೆ ಗೋಡೆಗೆ ಮೊಳೆ ಹೊಡೆದ ಹಾಗೆ. ಬಂದರಿನ ಜನ ಸಡಿಲ, ಅವರ ಹೆಂಗಸರು ಗಂಡಸರ ನಡುವೆ ನುಸುಳಿ ಮೀನು ಕೊಳ್ಳುತ್ತಾರೆ ಎನ್ನುವುದು ಅವನ ಮನೆತನದ ಅಭಿಪ್ರಾಯ. ತವರಿಗೆ ಹೋಗಲು ಹಬ್ಬ, ಹೆರಿಗೆ, ಸಾವು ಇವಿಷ್ಟೇ ಕಾರಣ. ಸಿನಿಮಾ ಹಬ್ಬ ಶುರುವಾದ ಹೊಸತರಲ್ಲಿ ಶಲ್ಬಿಯಾ ಒಮ್ಮೆ ಕೇಳಿದ್ದಳು. ಅವನು ಮೀನು ಹರಾಜು ಕೂಗುವ ಮನುಷ್ಯನನ್ನು ಸಂತೆಯಲ್ಲಿ ಹಿಡಿದು ವಿಚಾರಿಸಿದ: ಮುಂದೆ ಕೂತವನಿಗೆ ಹಿಂದೆ ಕೂತವರು ಕಾಣುತ್ತಾರೋ? ನೆರಳೂ ಕಾಣುವುದಿಲ್ಲ ಎಂದು ಆ ಮನುಷ್ಯ ಆಣೆ ಇಟ್ಟು ಹೇಳಿದ. "ಹಾಗಾದ್ರೆ ಹಾಯಿ ಹಿಂದೆ ಕೂತು ನೋಡಿ ಬಾ" ಎಂದ ತಿಜಾನಿ. ಆ ಮಾತು ಇಂದಿಗೂ ನಡೆದುಕೊಂಡು ಬಂದಿತ್ತು. ವರ್ಷಕ್ಕೊಮ್ಮೆ, ಹಬ್ಬ ಇರುವಷ್ಟು ದಿನ, ಶಲ್ಬಿಯಾ ತಂಗಿಯ ಮನೆಯಲ್ಲಿ. ಹಗಲು ಇಬ್ಬರೂ ಮಾಳಿಗೆಯ ಮೇಲೆ ವರ್ಷದ ಊಟಕ್ಕೆ ರವೆಯನ್ನು ಕಾಳಾಗಿ ಉಜ್ಜಿ ಕುಸ್ಕುಸ್ ಒಣಗಿಸುವುದು, ಸಂಜೆ ಹಾಯಿಯ ಹಿಂದೆ ಕೂರುವುದು. ಲಜ್ಹರ್ ತೀರಿಹೋದ ಮೇಲೆ ಬೇಯಾಳ ಮನೆಯಲ್ಲಿ ಎರಡು ತಟ್ಟೆ ಇಡುವುದು ಆ ದಿನಗಳಲ್ಲಿ ಮಾತ್ರ.

ಹಿಂದಿನ ಸಾಲು ಹೋದರೆ ಅಕ್ಕ ಬರುವುದೂ ಹೋಯಿತು.

ಮಾರನೆಯ ದಿನ ಬೇಯಾ ಸಂಘದ ಕಚೇರಿಗೆ ಹೋದಳು. ಒಳಗೆ ಹಬ್ಬದ ಗಡಿಬಿಡಿ. ಒಂದು ಮೂಲೆಯಲ್ಲಿ ಬಣ್ಣದ ಡಬ್ಬಿಗಳು, ಇನ್ನೊಂದು ಮೂಲೆಯಲ್ಲಿ ಅತಿಥಿಗಳಿಗೆಂದು ಬೇರೆಬೇರೆ ಮನೆಗಳಿಂದ ಎರವಲು ತಂದ ಹಾಸಿಗೆಗಳು. ಎಮ್ನಾ ಫೋನಿನಲ್ಲಿ ಯಾರೊಂದಿಗೋ ಜಗಳ ಮುಗಿಸಿ ಕುರ್ಚಿ ಎಳೆದು ಹಾಕಿದಳು.

"ಮಗಳೇ, ಹಳೇ ಹಾಯಿನೇ ಕಟ್ಟಿದ್ರೆ ಆಗಲ್ವಾ?"

"ಯಾಕೆ ಖಾಲ್ತಿ? ಹೇಳಿ."

ನಿಜವಾದ ಕಾರಣ ಬೇಯಾಳ ನಾಲಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಅಕ್ಕನ ಮನೆಯ ಮಾತನ್ನು ಪರರ ಮುಂದೆ ಹರಡುವುದು ಹೇಗೆ? ನಾಳೆ ಊರೆಲ್ಲ 'ಪಾಪ, ಶಲ್ಬಿಯಾಳನ್ನು ಗಂಡ ಕಟ್ಟಿಹಾಕಿದ್ದಾನೆ' ಎಂದೀತು. ಶಲ್ಬಿಯಾಗೆ ಸಿನಿಮಾ ತಪ್ಪಿದರೂ ನಡೆದೀತು, ಆ 'ಪಾಪ' ನಡೆಯದು.

"ಮುಂದೆ ಸೆಖೆ," ಅಂದಳು ಬೇಯಾ. "ಹಿಂದೆ ಸಮುದ್ರದ ಗಾಳಿ ಬರುತ್ತೆ."

"ಫ್ಯಾನ್ ಹಾಕಿಸ್ತೀನಿ."

"ಕಾಲು ಚಾಚೋಕಾಗಲ್ಲ."

"ಮೊದಲ ಸಾಲಿನ ಮುಂದೆ ಯಾರಿರ್ತಾರೆ ಖಾಲ್ತಿ? ಎಷ್ಟು ಬೇಕಾದ್ರೂ ಚಾಚಿ." ಎಮ್ನಾ ಮುಂದಕ್ಕೆ ಬಾಗಿದಳು. ಅವಳ ದನಿಯಲ್ಲಿ ನಿಜವಾದ ಕಳಕಳಿ ಇತ್ತು. "ನನ್ನ ಅಜ್ಜಿನೂ ಯಾವಾಗಲೂ ಹಿಂದೇನೇ ಕೂತೋಳು. ಮದುವೇಲಿ ಹಿಂದೆ, ಬಸ್ಸಲ್ಲಿ ಹಿಂದೆ. ಅದನ್ನ ನೋಡಿ ನೋಡಿ ನನಗೆ ಸಾಕಾಗಿತ್ತು. ಹಿಂದೆ ಕೂರಿಸೋದು ಅವಮಾನ ಅಲ್ವಾ?"

"ನಮ್ಮನ್ನ ಯಾರೂ ಕೂರಿಸಿಲ್ಲ ಮಗಳೇ. ನಾವೇ ಕೂತದ್ದು."

"ಅದನ್ನೇ ಹೇಳ್ತಿರೋದು ನಾನು!"

ಏನನ್ನು ಹೇಳುತ್ತಿದ್ದಾಳೆ ಎನ್ನುವುದು ಬೇಯಾಗೆ ತಿಳಿಯಲಿಲ್ಲ. ಅವಳು ಅಲ್ಲೇ ಕೂತಿದ್ದ ಸೀ ಮುನ್ಸೆಫನ ಕಡೆ ನೋಡಿದಳು. ಅವನು ಮೇಜಿನ ಮೇಲಿನ ಗೋಂದಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ. "ಕಾಲಕ್ಕೆ ತಕ್ಕ ಹಾಗೆ ನಡೀಬೇಕಲ್ಲ ಬೇಯಾ," ಅಂದ. "ಲಜ್ಹರ್ ಕೂಡ ಹಾಯಿ ಬಿಟ್ಟು ಮೋಟಾರು ಹಾಕಿಸಲಿಲ್ವಾ?"

ಬೇಯಾ ಎದ್ದು ಬಂದಳು. ದಾರಿಯಲ್ಲಿ ಒಂದು ನಿರ್ಧಾರ ಮಾಡಿದಳು: ಬಾಯಿ ಬಿಡದಿದ್ದರಾಯಿತು. ಅಕ್ಕ ಎಂದಿನಂತೆ ಬರಲಿ. ಬಂದಮೇಲೆ ಮುಂದೆಯೋ ಹಿಂದೆಯೋ, ವಾದಿ ಜೀತ್‌ಗೆ ಹೋಗಿ ಹೇಳುವವರು ಯಾರು?

ಹೇಳುವವನು ಇದ್ದ. ಗಾಡಿಯ ಹಮ್ಮಾದಿ.

ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ತರಕಾರಿ ಸಾಗಿಸುವ ಹಮ್ಮಾದಿ ತನ್ನ ಗಾಡಿಯ ತಲೆಗೆ ಧ್ವನಿವರ್ಧಕ ಕಟ್ಟಿಕೊಂಡು ಊರು ಸುತ್ತುತ್ತಿದ್ದ. ಈ ವರ್ಷ ಎಮ್ನಾ ಅವನನ್ನು ಒಳನಾಡಿನ ಹಳ್ಳಿಗಳಿಗೂ ಕಳಿಸಿದಳು. ಬೇಯಾ ಮಾಳಿಗೆಯ ಮೇಲೆ ಚಾದರ ಹಾಸಿ ಕುಸ್ಕುಸ್ಸಿಗೆ ರವೆ ಅಳೆದು ಹಾಕುತ್ತಿದ್ದಾಗ ಕೆಳಗೆ ಓಣಿಯಲ್ಲಿ ಅವನ ದನಿ ಕೇಳಿಸಿತು. ತರಕಾರಿ ಕೂಗಿ ಪಳಗಿದ ದನಿ, ಯಾವ ಮಾತನ್ನೂ ಬಿಡಿಸಿ ಬಿಡಿಸಿ ಹೇಳುವ ದನಿ.

"ಅಮ್ಮಂದಿರೇ, ಅಕ್ಕಂದಿರೇ! ಈ ವರ್ಷ ಹಬ್ಬದಲ್ಲಿ ಮೊದಲ ಸಾಲು ನಿಮ್ಮದು! ಹಿಂದೆ ಯಾರೂ ಇಲ್ಲ! ಹಿಂದುಗಡೆ ಬಂದ್! ಎಲ್ರೂ ಮುಂದೆ!"

ಬೇಯಾ ಗೋಡೆಯ ಮೇಲಿಂದ ಬಗ್ಗಿದಳು. "ಲೋ ಹಮ್ಮಾದಿ! ಎಲ್ಲಿಗೆ ಹೊರಟೆ?"

"ವಾದಿ ಜೀತ್ ಕಡೆಯಿಂದ ಬಂದೆ ಖಾಲ್ತಿ! ನಿಮ್ಮ ಹಾಜಿ ಭಾವ ಸಿಕ್ಕಿದ್ರು, ಎರಡು ಸಲ ಹೇಳಿಸಿಕೊಂಡು ಕೇಳಿದ್ರು! ಅಷ್ಟು ಆಸಕ್ತಿಯಿಂದ ಯಾರೂ ಕೇಳಿಲ್ಲ ನೋಡಿ!"

ಸಂಜೆ ಶಲ್ಬಿಯಾ ಫೋನು ಮಾಡಿದಳು. "ಕುಸ್ಕುಸ್ ನೀನೇ ಉಜ್ಜಿಕೋ ಬೇಯಾ," ಅಂದಳು. "ನೀರು ಜಾಸ್ತಿ ಚಿಮುಕಿಸಬೇಡ, ನಿನ್ನ ಕೈ ಒರಟು." ಅಷ್ಟೇ ಹೇಳಿ ಫೋನು ಇಟ್ಟಳು.

ಮರುದಿನ ಬೆಳಿಗ್ಗೆ ಬೇಯಾ ಬಾಡಿಗೆ ವ್ಯಾನು ಹತ್ತಿ ವಾದಿ ಜೀತ್‌ಗೆ ಹೋದಳು. ಹಾಜಿ ತಿಜಾನಿ ಅಂಜೂರದ ಮರದ ಕೆಳಗೆ ಕೂತು ಹುಲ್ಲಿನ ಬುಟ್ಟಿ ಹೆಣೆಯುತ್ತಿದ್ದ. ಗೋಡೆಯಾಚೆ ಶಲ್ಬಿಯಾ ಪಾತ್ರೆ ಉಜ್ಜುವ ಸದ್ದು. ಬೇಯಾ ಬಂದದ್ದು ತಿಳಿದ ಕೂಡಲೇ ಆ ಸದ್ದು ನಿಂತಿತು.

"ಬಾ ಬೇಯಾ. ಕೂತ್ಕೋ. ಅಂಜೂರ ತಿನ್ನು."

"ತಿಂತೀನಿ ಹಾಜಿ. ಅಕ್ಕನ್ನ ಕರ್ಕೊಂಡು ಹೋಗೋಕೆ ಬಂದೆ."

"ಗಾಡಿ ಬಂದಿತ್ತು ಇಲ್ಲಿಗೆ."

"ಕೇಳ್ದೆ."

"'ಹಿಂದೆ ಯಾರೂ ಇಲ್ಲ' ಅಂದ. ಎಷ್ಟು ಸಲ ಕೂಗಿದ ಅಂದ್ರೆ, ನಮ್ಮ ಕತ್ತೆಗೂ ಬಾಯಿಪಾಠ ಆಗಿದೆ." ಅವನು ಹುಲ್ಲನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. "ನಾನು ಮಾತು ಕೊಟ್ಟಿದ್ದು ಹಿಂದೆ ಕೂರೋಕೆ. ಮುಂದೆ ಕೂರೋಕೆ ಕೊಟ್ಟಿಲ್ಲ. ಆಗ ಕೊಟ್ಟದ್ದನ್ನ ನಾನು ಯಾವತ್ತಾದ್ರೂ ತಪ್ಪಿಸಿದ್ದೀನಾ?"

"ಇಲ್ಲ ಹಾಜಿ."

"ಮತ್ತೆ?"

ಬೇಯಾ ಅಂಜೂರದ ತೊಟ್ಟು ಮುರಿದಳು. ಅವಸರ ಮಾಡಲಿಲ್ಲ. "ಪರದೆ ಅಂದಮೇಲೆ ಅದಕ್ಕೊಂದು ಹಿಂದುಗಡೆ ಇರಲ್ವಾ ಹಾಜಿ?"

ತಿಜಾನಿಯ ಕೈ ನಿಂತಿತು. ಅವನು ಆ ಮಾತನ್ನು ಆ ಕಡೆಯಿಂದಲೂ ಈ ಕಡೆಯಿಂದಲೂ ತೂಗಿ ನೋಡಿದ. "ಇರುತ್ತೆ," ಅಂದ.

"ನಾನೂ ಅಕ್ಕನೂ ಅಲ್ಲೇ ಕೂರ್ತೀವಿ. ಮುಂದೆ ಕೂರೋರು ಕೂತ್ಕೊಳ್ಲಿ."

"ಅಲ್ಲಿ ಕುರ್ಚಿ ಹಾಕ್ತಾರಾ?"

"ನಮ್ಮನೆಯಿಂದ ನಾನೇ ತರ್ತೀನಿ."

ಅವನು ಇನ್ನೊಂದು ಸುತ್ತು ಹುಲ್ಲು ಹೆಣೆದು ಮುಗಿಸಿದ. ಆಮೇಲೆ ಬುಟ್ಟಿಯನ್ನು ಪಕ್ಕಕ್ಕಿಟ್ಟ. "ಮೂರು ಕುರ್ಚಿ ತಾ. ನಾನೇ ಬಂದು ನೋಡ್ತೀನಿ."

ಒಳಗೆ ಏನೋ ಕೈಜಾರಿ ಬಿದ್ದ ಸದ್ದಾಯಿತು. ಶಲ್ಬಿಯಾ ಬಾಗಿಲಿಗೆ ಬಂದಳು. "ಇಷ್ಟು ವರ್ಷ ಇಲ್ಲದ್ದು ಈಗ ಏನು? ಮೇಕೆ ಯಾರು ನೋಡ್ಕೋತಾರೆ?"

"ಮೇಕೆ ನಿನಗಿಂತ ಚೆನ್ನಾಗಿ ಮಾತು ಕೇಳುತ್ತೆ. ನನ್ನ ತಮ್ಮ ನೋಡ್ಕೋತಾನೆ."

ಬಟ್ಟೆ ಗಂಟು ಕಟ್ಟುವಾಗ ಬೇಯಾ ಅಕ್ಕನ ಕಿವಿಯಲ್ಲಿ ಹೇಳಿದಳು: "ಈ ಸಲ ಹಿಂದೆ ಕೂತ್ರೆ ಏನೂ ಕಾಣಲ್ಲ ಅಕ್ಕಾ. ಕರೀ ರಬ್ಬರು."

"ಹಾಳಾಗ್ಲಿ ಬಿಡು," ಅಂದಳು ಶಲ್ಬಿಯಾ. "ನಾವೇನು ಅದನ್ನ ನೋಡೋಕೇ ಹೋಗ್ತಿದ್ವಾ?"

ಹಬ್ಬದ ಮೊದಲ ದಿನ ಊರು ಸುಣ್ಣದ ವಾಸನೆಯಲ್ಲಿ ಎದ್ದಿತು. ಬಂದರಿನ ಬೀದಿಯ ಬಾಗಿಲುಗಳೆಲ್ಲ ಹೊಸ ನೀಲಿ. ಕ್ಷೌರದಂಗಡಿಯ ಮುಂದೆ ಸಾಲು. ರೊಟ್ಟಿಯವನು ಎಂದಿಗಿಂತ ಬೇಗ ಒಲೆ ಹಚ್ಚಿದ್ದ. ಬೆಟ್ಟದ ಊರುಗಳಿಂದ, ಗಡಿಯಾಚೆಯಿಂದ, ಸಮುದ್ರದಾಚೆಯಿಂದ ತಮ್ಮ ತಮ್ಮ ಚಿತ್ರಗಳನ್ನು ಹೊತ್ತು ತಂದ ಹುಡುಗ ಹುಡುಗಿಯರು ಯಾರ್ಯಾರದೋ ಮನೆಯ ಅಂಗಳದಲ್ಲಿ ಮುಖ ತೊಳೆಯುತ್ತಿದ್ದರು. ದೂಜಾಳ ಮನೆಯಲ್ಲಿ ಇಳಿದಿದ್ದ ಹುಡುಗನೊಬ್ಬ ಮೆಣಸಿನ ಚಟ್ನಿ ತಿಂದು ಕಣ್ಣೀರು ಹಾಕುತ್ತಿದ್ದ. "ನಮ್ಮೂರ ಸಿನಿಮಾಕ್ಕೆ ಅಳೋರು ಇದ್ದಾರೆ, ಚಟ್ನಿಗೆ ಅಳೋನು ಇವನೇ ಮೊದಲು" ಎಂದು ದೂಜಾ ಓಣಿಗೆಲ್ಲ ಸಾರಿದಳು.

ಹರಾಜಿನ ಅಂಗಳದಲ್ಲಿ ಹೊಸ ಪರದೆ ನಿಂತಿತ್ತು. ಕಬ್ಬಿಣದ ಚೌಕಟ್ಟು, ಅದಕ್ಕೆ ಹುರಿಗಳಿಂದ ಬಿಗಿದ ಬಿಳಿ ಹಾಳೆ. ಒಂದು ಸುಕ್ಕಿಲ್ಲ, ಒಂದು ಹೊಲಿಗೆಯಿಲ್ಲ. ಹಳೆಯ ಹಾಯಿಯನ್ನು ಬೀಸಾಡಿರಲಿಲ್ಲ. ಅಂಗಳದ ಅಂಚಿನಲ್ಲಿ ಚಹಾ ಮಾರುವವನು ಕೇಳಿ ಪಡೆದು ತನ್ನ ಒಲೆಯ ಮೇಲೆ ನೆರಳಿಗೆ ಕಟ್ಟಿಕೊಂಡಿದ್ದ. ಬೇಯಾ ಹಾದು ಹೋಗುವಾಗ ಒಮ್ಮೆ ತಲೆ ಎತ್ತಿ ತನ್ನ ಹೊಲಿಗೆ ನೋಡಿದಳು. ಎಲ್ಲೂ ಬಿಟ್ಟಿರಲಿಲ್ಲ.

ಮಧ್ಯಾಹ್ನವೇ ಅವಳು ಮೂರು ಕುರ್ಚಿಗಳನ್ನು ತಂದು ಪರದೆಯ ಹಿಂದೆ ಇಟ್ಟಳು. ಎದುರಿಗೆ ಕರಿಯ ಗೋಡೆ.

"ನಿನಗೆ ತಲೆ ಕೆಟ್ಟಿದೆ," ಅಂದಳು ದೂಜಾ. "ಇದರಲ್ಲಿ ಏನು ಕಾಣುತ್ತೆ?"

"ಏನೂ ಕಾಣಲ್ಲ."

"ಮತ್ತೆ?"

"ಬಿಡು ದೂಜಾ. ನೀನು ಮುಂದೆ ಹೋಗು."

ದೂಜಾ ಅವಳ ಮುಖ ನೋಡಿದಳು. ಮೂರನೆಯ ಕುರ್ಚಿಯನ್ನೂ ನೋಡಿದಳು. ಎಂಥ ಬಾಯಿಯವಳಾದರೂ ಎಲ್ಲಿ ಕೇಳಬಾರದು ಅನ್ನುವುದು ಅವಳಿಗೆ ಗೊತ್ತಿತ್ತು. ಒಂದು ಪೊಟ್ಟಣ ಬೀಜವನ್ನು ಬೇಯಾಳ ಮಡಿಲಿಗೆ ಹಾಕಿ ಮುಂದಿನ ಮೆತ್ತನೆ ಕುರ್ಚಿಗೆ ಹೋದಳು. ಉಳಿದ ಹೆಂಗಸರೂ ಹೋದರು. ಕೂತು ಏಳುವಾಗ ಆ ಕುರ್ಚಿಗಳು ಉಸಿರು ಬಿಟ್ಟ ಹಾಗೆ ಸದ್ದು ಮಾಡುತ್ತವೆ ಎಂದು ಮುಂದಿನಿಂದ ನಗೆ ಕೇಳಿಸಿತು.

ಮುಸ್ಸಂಜೆಯ ನಮಾಜು ಮುಗಿಸಿ ಹಾಜಿ ತಿಜಾನಿ ಸಮುದ್ರದ ಬಾಗಿಲಿನಿಂದ ಬಂದ. ಒಗೆದ ಜುಬ್ಬಾ, ಕೆಂಪು ಟೋಪಿ. ಅವನ ಹಿಂದೆ ಬಿಳಿ ಹೊದಿಕೆಯಲ್ಲಿ ಶಲ್ಬಿಯಾ. ಅವನು ಚೌಕಟ್ಟನ್ನು ಒಂದು ಸುತ್ತು ಕಣ್ಣಿನಲ್ಲೇ ಅಳೆದ. ರಬ್ಬರನ್ನು ಬೆರಳಿನಿಂದ ತಟ್ಟಿದ. ಸಮುದ್ರದ ಬಾಗಿಲು ನೋಡಿದ. ಅಲ್ಲಿಂದ ಇನ್ನು ಯಾರೂ ಬರುವ ಹಾಗಿರಲಿಲ್ಲ.

"ಒಳ್ಳೇ ಜಾಗ," ಅಂದ. ನಡುವಿನ ಕುರ್ಚಿಯಲ್ಲಿ ಕೂತ. ಅಕ್ಕ ತಂಗಿ ಅವನ ಎರಡು ಪಕ್ಕ ಕೂರಬೇಕಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವನಿಗೇ ಏನನ್ನಿಸಿತೋ, ಎದ್ದು ಕೊನೆಯ ಕುರ್ಚಿಗೆ ಸರಿದ.

ಮುಂದೆ ಭಾಷಣ ಆಯಿತು, ಚಪ್ಪಾಳೆ ಆಯಿತು, ದೀಪ ಆರಿತು. ಹಿಂದೆ ಮೊದಲೇ ಕತ್ತಲಿತ್ತು. ಎಮ್ನಾ ಪುಟ್ಟ ಬ್ಯಾಟರಿ ಹಿಡಿದು ಏನೋ ತಂತಿ ನೋಡಲು ಹಿಂದಕ್ಕೆ ಬಂದವಳು ಅವರನ್ನು ಕಂಡು ಬೆಚ್ಚಿದಳು.

"ಖಾಲ್ತಿ! ಇಲ್ಲಿ ಯಾಕೆ? ಮುಂದೆ ನಿಮಗೋಸ್ಕರ ಜಾಗ ಇಟ್ಟಿದ್ದೀನಿ!"

"ನಾವಿಲ್ಲಿ ಚೆನ್ನಾಗಿದ್ದೀವಿ ಮಗಳೇ," ಅಂದ ತಿಜಾನಿ. "ನಿನಗೆ ಒಳ್ಳೇದಾಗ್ಲಿ."

ಎಮ್ನಾ ಅವನನ್ನು ನೋಡಿದಳು, ಬೇಯಾಳನ್ನು ನೋಡಿದಳು. ಬೇಯಾ ಬೀಜದ ಪೊಟ್ಟಣವನ್ನು ಅವಳ ಕಡೆ ಚಾಚಿದಳು. ಹುಡುಗಿ ನಾಲ್ಕು ಬೀಜ ತೆಗೆದುಕೊಂಡು ಹೋದಳು. ಅವಳು ಎಷ್ಟನ್ನು ಅರ್ಥ ಮಾಡಿಕೊಂಡಳೋ ಬೇಯಾಗೆ ಗೊತ್ತಾಗಲಿಲ್ಲ.

ಚಿತ್ರ ಶುರುವಾಯಿತು. ಹಿಂದೆ ಕೂತವರಿಗೆ ಅದು ಬರೀ ಸದ್ದು. ಚಾಕು ಹಲಗೆಗೆ ತಾಗುವ ಟಕಟಕ. ಹೆಂಗಸೊಬ್ಬಳು ಮೂಗು ಎಳೆಯುವ ಸದ್ದು. ಮತ್ತೆ ಟಕಟಕ. ಮತ್ತೆ ಬಿಕ್ಕು.

"ಅಳ್ತಾ ಇದ್ದಾಳೆ," ಎಂದು ಪಿಸುಗುಟ್ಟಿದಳು ಶಲ್ಬಿಯಾ. "ಗಂಡ ಸಮುದ್ರದಾಚೆ ಹೋಗಿದ್ದಾನೆ. ಸುದ್ದಿಯಿಲ್ಲ."

"ನಿನಗೆ ಹೇಗೆ ಗೊತ್ತು?" ಅಂದ ತಿಜಾನಿ.

"ಗಂಡ ಮನೇಲಿದ್ರೆ ಇಷ್ಟು ಹೊತ್ತು ಅಳೋಕೆ ಬಿಡ್ತಾನಾ? ಊಟ ಎಲ್ಲಿ ಅಂತಾನೆ."

ಬೇಯಾ ಬಾಯಿಗೆ ಕೈ ಇಟ್ಟುಕೊಂಡಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಒಮ್ಮೆ, ಇನ್ನೊಮ್ಮೆ. ಯಾರೂ ತೆಗೆಯಲಿಲ್ಲ.

"ಯಾರದು?" ತಿಜಾನಿ ಕೇಳಿದ.

"ಅಂಚೆಯವನು. ಕೆಟ್ಟ ಸುದ್ದಿ ತಂದಿದ್ದಾನೆ. ಅವಳಿಗೆ ಗೊತ್ತಾಗಿದೆ, ಅದಕ್ಕೇ ತೆಗೀತಿಲ್ಲ."

"ತೆಗೀಬೇಕಪ್ಪ. ಕೆಟ್ಟ ಸುದ್ದಿ ಹೊರಗೆ ನಿಲ್ಲಿಸಿದ್ರೆ ಒಳ್ಳೇದಾಗುತ್ತಾ?"

ಬಾಗಿಲು ಮತ್ತೆ ಬಡಿಯಿತು. ಬಿಕ್ಕು ಜೋರಾಯಿತು. ಆಗ ಮುಂದೆ ಕೂತ ಜನವೆಲ್ಲ ಗೊಳ್ಳೆಂದು ನಕ್ಕರು.

ತಿಜಾನಿ ನೆಟ್ಟಗೆ ಕೂತ. "ನಗ್ತಾರಲ್ಲ! ಅಳೋ ಹೆಂಗಸನ್ನ ನೋಡಿ ನಗ್ತಾರಲ್ಲ! ನಾನು ಹೇಳ್ತಿರಲಿಲ್ವಾ ಬಂದರಿನ ಜನದ ಬುದ್ಧಿ?"

ಮತ್ತೊಂದು ಬಿಕ್ಕು, ಮತ್ತೊಂದು ನ‌ಗೆಯ ಅಲೆ. ಅದರಲ್ಲಿ ದೂಜಾಳ ನಗೆ ಬೇರೆಯಾಗಿ ಕೇಳುತ್ತಿತ್ತು. ತಿಜಾನಿ ಎದ್ದು ನಿಂತ. "ಯಾರು ನಗ್ತಿರೋದು ಅಂತ ನೋಡಿ ಬರ್ತೀನಿ," ಅಂದ. "ನೀವು ಇಲ್ಲೇ ಇರಿ." ಚೌಕಟ್ಟಿನ ಮಗ್ಗುಲಿನಿಂದ ಬಿಗಿದ ಹುರಿಗಳನ್ನು ದಾಟಿಕೊಂಡು ಆ ಕಡೆಗೆ ಹೋದ. ಪರದೆಯ ಅಂಚಿನ ಬೆಳಕಿನಲ್ಲಿ ಅವನ ಕೆಂಪು ಟೋಪಿ ಒಂದು ಗಳಿಗೆ ಹೊಳೆಯಿತು, ಮರೆಯಾಯಿತು.

ಅಕ್ಕ ತಂಗಿ ಕತ್ತಲಲ್ಲಿ ಕೂತರು. ಗಾಳಿ ಚೆನ್ನಾಗಿತ್ತು. ಶಲ್ಬಿಯಾ ಚಪ್ಪಲಿ ಬಿಚ್ಚಿದಳು. ಬೇಯಾ ಪೊಟ್ಟಣವನ್ನು ಇಬ್ಬರ ನಡುವೆ ಇಟ್ಟಳು.

"ಜಗಳ ಮಾಡ್ತಾರೇನೋ," ಅಂದಳು ಬೇಯಾ.

"ಮಾಡ್ಲಿ. ಅಷ್ಟು ಹೊತ್ತು ನಾವು ಕೂರಬಹುದು."

ಆದರೆ ಜಗಳದ ಸದ್ದು ಬರಲಿಲ್ಲ. ನಗೆ ಬಂತು, ಚಾಕುವಿನ ಸದ್ದು ಬಂತು, ಕತ್ತೆಯೊಂದು ಅರಚಿದ್ದು ಬಂತು, ಮತ್ತೆ ನಗೆ. ತಿಜಾನಿ ಬರಲಿಲ್ಲ. ಶಲ್ಬಿಯಾ ಕುರ್ಚಿಯ ಕೈ ಹಿಡಿದುಕೊಂಡಳು. ಅವನು ಸಿಟ್ಟಿನಲ್ಲಿ ನೇರ ವ್ಯಾನಿನ ನಿಲ್ದಾಣಕ್ಕೆ ನಡೆದಿದ್ದರೆ? ಬಂದು ಕರೆದೊಯ್ಯಲು ತಮ್ಮನಿಗೆ ಫೋನು ಹಚ್ಚಿದ್ದರೆ? ಬೇಯಾ ಅಕ್ಕನ ಮುಖ ನೋಡಲಿಲ್ಲ. ಕರಿಯ ರಬ್ಬರನ್ನೇ ನೋಡಿದಳು. ಇದೇ ಕೊನೆಯ ವರ್ಷ ಎಂದುಕೊಂಡಳು.

ಆಮೇಲೆ ಅವನು ಬಂದ. ಬಂದವನು ಕೂರಲಿಲ್ಲ.

"ಈರುಳ್ಳಿ," ಅಂದ.

"ಏನು?"

"ಅವಳು ಈರುಳ್ಳಿ ಹೆಚ್ತಾ ಇದ್ದಾಳೆ. ಅಳ್ತಾ ಇಲ್ಲ. ಗಂಡ ಮನೇಲೇ ಇದ್ದಾನೆ, ಮಂಚದ ಮೇಲೆ ಬಿದ್ಕೊಂಡಿದ್ದಾನೆ. ಬಾಗಿಲು ಬಡೀತಿರೋದು ಕತ್ತೆ, ಹಿಂಗಾಲಲ್ಲಿ." ಅವನ ದನಿಯಲ್ಲಿ ಸಿಟ್ಟಿತ್ತು, ಆದರೆ ಅದು ಜನದ ಮೇಲಿನ ಸಿಟ್ಟಾಗಿರಲಿಲ್ಲ. "ನೀನು ಹೇಳಿದ್ದರಲ್ಲಿ ಒಂದೂ ಸರಿಯಿಲ್ಲ. ಇಷ್ಟು ವರ್ಷ ಬಂದು ಇದನ್ನೇನಾ ನೋಡ್ಕೊಂಡು ಹೋಗ್ತಿದ್ದಿದ್ದು?"

ಶಲ್ಬಿಯಾ ಕಾಲಿನಿಂದಲೇ ಚಪ್ಪಲಿ ಹುಡುಕತೊಡಗಿದಳು.

"ಎದ್ದೇಳಿ. ಈಗ ಅವನು ಏಳ್ತಾನೆ, ಕತ್ತೆಗೆ ಒದೆ ಬೀಳುತ್ತೆ ಅಂತ ಕಾಣುತ್ತೆ. ತಪ್ಪಿಹೋಗುತ್ತೆ."

"ಹಿಂದೆ ಕೂರ್ಬೇಕು ಅಂತ ನಿಮ್ಮ ಮಾತು," ಅಂದಳು ಶಲ್ಬಿಯಾ ಮೆಲ್ಲಗೆ.

ತಿಜಾನಿ ನಿಂತಲ್ಲೇ ಯೋಚಿಸಿದ. ಇದು ಅವನಿಗೆ ಸಣ್ಣ ವಿಷಯವಾಗಿರಲಿಲ್ಲ. ಕೈ ಚಾಚಿ ಕರಿಯ ರಬ್ಬರನ್ನು ಇನ್ನೊಮ್ಮೆ ತಟ್ಟಿ ನೋಡಿದ.

"ನಾನು ಮಾತಾಡಿದ್ದು ಹಾಯಿ ವಿಷಯ," ಅಂದ ಕೊನೆಗೆ. "ಲಜ್ಹರನ ಹಾಯಿಯ ಹಿಂದೆ ಕೂತು ನೋಡಿ ಬಾ ಅಂದಿದ್ದೆ. ಇದು ಹಾಯಿ ಅಲ್ಲ. ಇದರ ವಿಷಯ ನಾನು ಏನೂ ಹೇಳಿಲ್ಲ."

ಅವನೇ ಎರಡು ಕುರ್ಚಿ ಎತ್ತಿಕೊಂಡ, ಮೂರನೆಯದನ್ನು ಬೇಯಾ. ಮೆತ್ತನೆ ಕುರ್ಚಿ ಅವನಿಗೆ ಬೇಕಿರಲಿಲ್ಲ. ಮೂವರೂ ಮೊದಲ ಸಾಲಿನ ಒಂದು ತುದಿಯಲ್ಲಿ, ಚಹಾದವನ ಪಕ್ಕದಲ್ಲಿ, ಮನೆಯ ಕುರ್ಚಿಗಳ ಮೇಲೆಯೇ ಕೂತರು. ದೂಜಾ ತಿರುಗಿ ನೋಡಿದಳು, ಬೇಯಾ ಕಣ್ಣಿನಲ್ಲೇ ಸುಮ್ಮನಿರು ಅಂದಳು, ದೂಜಾ ಸುಮ್ಮನಾದಳು. ಒದೆ ಬಿದ್ದದ್ದು ಗಂಡನಿಂದ ಕತ್ತೆಗಲ್ಲ, ಕತ್ತೆಯಿಂದ ಗಂಡನಿಗೆ. ಹಾಜಿ ತಿಜಾನಿ ತೊಡೆ ತಟ್ಟಿಕೊಂಡು ನಕ್ಕ. ಅವನು ಹಾಗೆ ನಕ್ಕದ್ದನ್ನು ಬೇಯಾ ಕಂಡಿರಲಿಲ್ಲ.

"ಬರೋ ವರ್ಷಕ್ಕೆ ಬೆನ್ನಿಗೊಂದು ದಿಂಬು ತರಬೇಕು," ಅಂದ ಅವನು, ಯಾರಿಗೂ ಅಲ್ಲ.

ಬೇಯಾ ಅದನ್ನು ಕೇಳಿಸಿಕೊಂಡಳು. ತಲೆಯ ಮೇಲೆ ಹಳೆಯ ಹಾಯಿ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಚಹಾದ ಒಲೆಯ ಬೆಳಕು ಹೊಲಿಗೆಯ ಗುಂಟ ಓಡಾಡುತ್ತಿತ್ತು.

ಪರದೆಯ ಮೇಲೆ ಗಂಡ ಹೆಂಡತಿ ಊಟಕ್ಕೆ ಕೂತರು. ಶಲ್ಬಿಯಾ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ತಂಗಿಯ ಮೊಣಕೈ ಚಿವುಟಿದಳು.

"ನೋಡ್ದ್ಯಾ," ಅಂದಳು, ಸಮಾಧಾನದಿಂದ. "ಕೊನೆಗೂ ಯಾರೋ ಹೇಳಿಕೊಟ್ಟಿದ್ದಾರೆ. ಬಲಗೈಯಲ್ಲಿ ತಿಂತಿದ್ದಾರೆ."

"ಹೂಂ ಅಕ್ಕಾ," ಅಂದಳು ಬೇಯಾ.